ನೆಲ ಮೂಸುವವರು

ವಿಜಯನಗರದ ನಮ್ಮ ಕ್ರಿಕೆಟ್ ತಂಡಕ್ಕೆ ಚೆಂಡು ಆರಿಸುತ್ತಿದ್ದವರು ಎದುರುಮನೆಯ ಮಿಲ್ ಗುಮಾಸ್ತರು. ಜನ್ಮದಲ್ಲಿ ಒಂದು ಓವರ್ ಎಸೆದವರಲ್ಲ. ಆದರೆ ಟೆನಿಸ್ ಚೆಂಡೋ ಕಾರ್ಕ್ ಚೆಂಡೋ ಎಂಬುದನ್ನು ಪಿಚ್ ಮೂಸಿಯೇ ಹೇಳುತ್ತಿದ್ದರು. "ನೆಲ ಮಾತಾಡುತ್ತೆ ಕಣ್ರೋ, ಕೇಳಿಸ್ಕೋಬೇಕು."

ಮೂಡಲಪಾಳ್ಯದ ಫೈನಲ್‌ಗೆ ನಾವು ಬೇಗ ತಲುಪಿದೆವು. ಗುಮಾಸ್ತರು ನುಣ್ಣನೆಯ ಜಾಗವೊಂದನ್ನು ಕಂಡು, ಕುಕ್ಕರಗಾಲಲ್ಲಿ ಕೂತು ಹತ್ತು ನಿಮಿಷ ಮೂಸಿ, "ಇದೇ ಪಿಚ್. ಕಾರ್ಕ್ ಹಾಕಿ, ಬುಗುರಿ ಥರ ತಿರುಗುತ್ತೆ" ಎಂದು ತೀರ್ಪು ಕೊಟ್ಟರು. ನಾನು ಎಸೆದ ಚೆಂಡು ನೆಲದ ಸಿಪ್ಪೆ ಎಬ್ಬಿಸಿ ಅಲ್ಲೇ ಕೂತಿತು.

ಪೊರಕೆ ಹಿಡಿದ ಅಜ್ಜಿಯೊಬ್ಬರು ಬಂದರು. "ಇದು ರಾಗಿ ಒಕ್ಕೋ ಕಣ. ಬೆಳಿಗ್ಗೆ ತಾನೇ ಸಗಣಿ ಹಾಕಿ ಸಾರಿಸಿದೀನಿ. ಕೆಡಿಸಿದೋರೇ ಸಾರಿಸಿ ಹೋಗಿ."

ಎದುರು ತಂಡ ಬರುವಷ್ಟರಲ್ಲಿ ಹನ್ನೊಂದೂ ಜನ ಮಂಡಿಯೂರಿ ಸಾರಿಸುತ್ತಿದ್ದೆವು. ಗುಮಾಸ್ತರು ಸಗಣಿಯ ಬಕೆಟ್ಟಿಗೆ ಬಗ್ಗಿ ಮೂಸಿದರು.

"ನೀರು ಜಾಸ್ತಿ ಆಯ್ತು ಕಣ್ರೋ."