ಕಪಲಮುಲ ಡಾಕ್ಟರರ ಚೊಕ್ಕ ಕೈ

ಮಲಾವಿ ಸರೋವರದ ದಡದ ನಮ್ಮ ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡನ್ನು ಆಳುತ್ತಿದ್ದವರು ಕಪಲಮುಲ. ಪೂರ್ತಿ ಡಾಕ್ಟರಲ್ಲ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಆದರೂ ಡಾಕ್ಟ್ರೇ ಎಂದು ಕರೆಯದಿದ್ದರೆ ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಮೀನು ಒಣಗಿಸಿ ಮಾರುವವಳ ಮಗ. ಮೀನಿನ ವಾಸನೆ ತನ್ನ ಬಿಳಿ ಕೋಟಿಗೆ ಹತ್ತೀತೆಂದು ಹೆತ್ತ ತಾಯಿಯನ್ನು ಗೇಟಿನಲ್ಲೇ ಮಾತಾಡಿಸಿ ಕಳಿಸುತ್ತಿದ್ದ ಮನುಷ್ಯ. ಊಟಕ್ಕೆ ಕೂರುವಾಗ ಅವರು ಕೈ ತೊಳೆಯುವ ವೈಭವ ನೋಡಬೇಕಿತ್ತು. ಯಾರಾದರೂ ಮಂಡಿಯೂರಿ ಜಗ್ಗಿನಿಂದ ನೀರು ಹುಯ್ಯಬೇಕು, ಇವರು ಬೆರಳಿನ ಸಂದಿ ಸಂದಿ ಉಜ್ಜಬೇಕು. ಮೆಕ್ಕೆಜೋಳದ ಮುದ್ದೆಗೆ ಅಷ್ಟು ಮರ್ಯಾದೆ. ಬಾಣಂತಿಯರ ಹೊಟ್ಟೆಯ ಗಾಯಕ್ಕೆ ಅದರಲ್ಲಿ ಕಾಲುಪಾಲೂ ಇರಲಿಲ್ಲ.

ಬೆಳಿಗ್ಗೆ ಕೈಗವಸು ಹಾಕಿದರೆ ಬಾಗಿಲ ಪಕ್ಕದ ಮಂಚದಿಂದ ಕಿಟಕಿಯ ಮಂಚದವರೆಗೂ ಅದೇ. ಅದರಲ್ಲೇ ಪಟ್ಟಿ ಬಿಚ್ಚುವುದು, ಅದರಲ್ಲೇ ಮೂಗು ತುರಿಸಿಕೊಳ್ಳುವುದು, ಫೋನು ಎತ್ತುವುದು. ಹೊಸ ಕೈಗವಸಿನ ಡಬ್ಬಿಗಳೆಲ್ಲ ಬೀರುವಿನಲ್ಲಿ, ಬೀಗದ ಕೈ ಅವರ ಜೇಬಿನಲ್ಲಿ. ಹೊರಗಿಟ್ಟರೆ ಬಾಣಂತಿಯರ ಕಡೆಯವರಾದ ನಾವು ಕದಿಯುತ್ತೇವಂತೆ.

ನನ್ನ ಮಗಳು ಎನಿಫಾಗೆ ಹೊಟ್ಟೆ ಕೊಯ್ದು ಮಗು ತೆಗೆದಿದ್ದರು. ಜೊತೆಗೆ ಬಂದ ನಾವು ಹೊರಗಿನ ಚಪ್ಪರದಲ್ಲಿ ಬೇಯಿಸಿಕೊಂಡು, ಒಳಗೆ ಮಂಚದ ಪಕ್ಕ ನೆಲದಲ್ಲಿ ಕೂತಿರುತ್ತಿದ್ದೆವು. ಕೂತವಳಿಗೆ ನೋಡುವುದು, ಕೇಳುವುದು ಬಿಟ್ಟು ಬೇರೆ ಏನು ಕೆಲಸ? ಬಾಗಿಲ ಬಳಿಯವಳ ಗಾಯ ಮೊದಲು ಕೀವಾಯಿತು. ಆಮೇಲೆ ಅವಳ ಪಕ್ಕದವಳದು. ಆಮೇಲೆ ನಮ್ಮ ಪಕ್ಕದ ಮಂಚದ ಫಲೆಸಿಯದು. ಜ್ವರದಲ್ಲಿ ಅವಳು ತನ್ನ ಮಗುವನ್ನೇ ಗುರುತಿಸದಾದಳು. ಮುಂದಿನ ಮಂಚ ಎನಿಫಾಳದು. ಮರುದಿನ ಅವಳ ಪಟ್ಟಿ ಮೊದಲ ಸಲ ಬಿಚ್ಚುವುದಿತ್ತು.

ನರ್ಸ್ ತಿಯಾಮಿಕೆ ಕಪಲಮುಲರಿಗೆ ಮೆಲ್ಲಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. "ಡಾಕ್ಟ್ರೇ, ಕೈಗವಸು ಬದಲಾಯಿಸ್ಬಹುದಲ್ವಾ? ಒಬ್ಬರ ಕೀವು ಇನ್ನೊಬ್ಬರಿಗೆ ಹೋಗ್ತಿದೆ."

"ಕೈಗವಸು ಇರೋದು ನನ್ ಕೈ ಗಲೀಜಾಗ್ದೇ ಇರ್ಲಿ ಅಂತ ಸಿಸ್ಟರ್. ನೋಡಿ, ಎಷ್ಟು ಚೊಕ್ಕ ಇದೆ. ಕೀವು ಬರೋದು ಈ ಮುದುಕೀರು ತಂದು ತುರುಕೋ ಒಣಮೀನಿಂದ."

ಒಣಮೀನು ಮಾರಿದ ಕಾಸಿನಲ್ಲಿ ಓದಿದ ಬಾಯಿಂದ ಬಂದ ಮಾತು ಇದು.

"ನಾಳೆ ಇವನ ಕೈ ಹಿಡಿದು ನಿಲ್ಲಿಸ್ತೀನಿ," ಎಂದು ಫಲೆಸಿಯ ಅತ್ತೆ ಹಲ್ಲು ಕಡಿದಳು.

"ಹಿಡಿದ್ರೆ ಗೇಟಿಂದ ಆಚೆ ಹಾಕಿಸ್ತಾನೆ ಕಣೇ," ಎಂದೆ. "ಸುಮ್ನಿರು, ನೀರು ಹುಯ್ಯೋಣ."

ಮರುದಿನ ಫಲೆಸಿಯ ಗಾಯ ಮುಟ್ಟಿ ಅವರು ನಮ್ಮ ಕಡೆ ತಿರುಗುವಷ್ಟರಲ್ಲಿ, ಬೋಗುಣಿ, ಜಗ್ಗು, ಸೋಪು ಹಿಡಿದು ದಾರಿಗೆ ಅಡ್ಡ ಮಂಡಿಯೂರಿದೆ. ತಾಯಿಗಿಂತ ಹಿರಿಯಳು ಮಂಡಿಯೂರಿ ನೀರು ಹಿಡಿದರೆ ನಮ್ಮಲ್ಲಿ ಬೇಡ ಎನ್ನುವ ಗಂಡಸಿಲ್ಲ. ಬೇಡವೆಂದರೆ ಸಾಯುವವರೆಗೂ ಜನ ಆಡಿಕೊಳ್ಳುತ್ತಾರೆ. ವಾರ್ಡೆಲ್ಲ ನೋಡುತ್ತಿತ್ತು.

"ಏನಜ್ಜಿ ಇದು?"

"ಕೈ ತೊಳ್ಕೊಳ್ಳಿ ಡಾಕ್ಟ್ರೇ. ದೊಡ್ಡೋರು ನಮ್ ಮಂಚಕ್ಕೆ ಬಂದಿದ್ದೀರಿ."

ಮುಖ ಅರಳಿತು. ಕೈಗವಸು ಕಿತ್ತೆಸೆದು ಊಟಕ್ಕೆ ಕೂತವರಂತೆ ಉಜ್ಜಿದ್ದೇ ಉಜ್ಜಿದ್ದು. ಆಮೇಲೆ ಕೈ ಆರಿಸುತ್ತ ಮಂಚದ ಕೆಳಗೆ ಕಣ್ಣಾಡಿಸಿದರು. "ಎಲ್ಲಜ್ಜಿ ಮುದ್ದೆ? ಮೀನು ಯಾವ್ದು?"

"ಬೇಯ್ತಾ ಇದೆ. ಅಷ್ಟರಲ್ಲಿ ಮಗಳ ಗಾಯ ನೋಡ್ಬಿಡಿ."

ತಿಯಾಮಿಕೆ ನಗು ನುಂಗಿ ಕೈ ಚಾಚಿದಳು. "ಬೀಗದ ಕೈ ಕೊಡಿ ಡಾಕ್ಟ್ರೇ. ಇಷ್ಟು ಚೊಕ್ಕ ಕೈಗೆ ಹಳೇ ಕೈಗವಸು ಒಪ್ಪಲ್ಲ."

ಹೊಗಳಿದ ಕೂಡಲೇ ಬೀಗದ ಕೈ ಜೇಬಿನಿಂದ ಹೊರಗೆ ಬಂತು.

ಎನಿಫಾಳ ಗಾಯ ಒಣಗಿತು. ಅಂದಿನಿಂದ ಮಂಚ ಮಂಚದ ಬಳಿಯೂ ಒಬ್ಬಳು ಮಂಡಿಯೂರತೊಡಗಿದಳು. ಫಲೆಸಿಗೆ ಮಾತ್ರ ತಡವಾಗಿತ್ತು. ಅವಳ ಅತ್ತೆ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು, ಸೊಸೆಯ ಹೆಣದ ಹಿಂದೆ ಊರಿಗೆ ಹೋದಳು.

ಕಪಲಮುಲರಿಗೆ ಇನ್ನೂ ದೊಡ್ಡ ಆಸ್ಪತ್ರೆಗೆ ವರ್ಗವಾಯಿತು. ಬೀಳ್ಕೊಡುಗೆಯ ಕೋಳಿ ಊಟಕ್ಕೆ ಅವರ ಕೈಗೆ ನೀರು ಹುಯ್ದವಳೂ ನಾನೇ. ಭಾಷಣದಲ್ಲಿ ಅವರು ಎರಡೂ ಕೈ ಎತ್ತಿ ತೋರಿಸಿದರು. "ಈ ಊರಿನ ತಾಯಂದಿರಿಗೆ ನನ್ನ ಮೇಲೆ ಎಂಥಾ ಗೌರವ! ಮಂಚ ಮಂಚಕ್ಕೂ ಕೈಗೆ ನೀರು ಹಾಕ್ತಿದ್ರು. ಅಲ್ಲಿ ಯಾರು ಹಾಕ್ತಾರೋ ಏನೋ."

ಹಾಕುತ್ತಾರೆ. ಆ ಕಡೆಗೆ ಹೋಗುವ ಮಿನಿಬಸ್ಸಿನ ಹೆಂಗಸರಿಗೆ ನಾನು ಆಗಲೇ ಹೇಳಿ ಕಳಿಸಿದ್ದೆ: ಹೆರಿಗೆಗೆ ಹೋಗುವಾಗ ಬಟ್ಟೆ ಮರೆತರೂ ಬೋಗುಣಿ ಮರೀಬೇಡಿ, ಆ ಮನುಷ್ಯ ಬರ್ತಿದ್ದಾನೆ.