ಕಪ್ಪು ಪರದೆಯಲ್ಲಿ ವೈನಿ ಓದಿದ್ದು

ಇಂಥದ್ದನ್ನೆಲ್ಲ ನಂಬುವವರ ಪೈಕಿ ನಾನಲ್ಲ. ಯಾರಾದರೂ ತಾವು ಕಂಡ ವಿಚಿತ್ರ ಹೇಳತೊಡಗಿದರೆ, ಹಿಂದಿನ ದಿನ ನಿದ್ದೆ ಆಗಿತ್ತಾ, ಹೊಟ್ಟೆಗೆ ಏನಾದರೂ ಬಿದ್ದಿತ್ತಾ ಎಂದು ಕೇಳಿ ಮಾತು ಮುರಿಯುತ್ತಿದ್ದವಳು. ನನ್ನದೇನಿದ್ದರೂ ಡೈರಿಯ ಸಂಗತಿಗಳು: ಇವತ್ತು ಒಳ್ಳೇ ಬಂಗಡೆ ಮೀನು ಸಿಕ್ಕಿತು, ಕರೆಂಟು ಇಷ್ಟು ಹೊತ್ತಿಗೆ ಹೋಗಿ ಇಷ್ಟು ಹೊತ್ತಿಗೆ ಬಂತು, ಅಂಕೋಲೆ ಬಸ್ಸು ಇಪ್ಪತ್ತು ನಿಮಿಷ ತಡ. ಮದುವೆಯಾಗಿ ಬಂದಾಗಿನಿಂದ ಹೀಗೆ ಬರೆಯುತ್ತ ಬಂದಿದ್ದೇನೆ. ಹಾಗಾಗಿ ಕೆಲವು ವರ್ಷಗಳ ಹಿಂದಿನ ಆ ಮಧ್ಯಾಹ್ನದ ಕತೆಯನ್ನು ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ನಮ್ಮ ಮನೆ ಕಾರವಾರದ ಪಕ್ಕದ ಬಿಣಗಾದಲ್ಲಿ. ನನ್ನ ಗಂಡನ ಅಣ್ಣ ಮತ್ತು ಅವರ ಹೆಂಡತಿ ಸುಮತಿ ವೈನಿ ಇರುವುದು ಅಂಕೋಲೆ ಹತ್ತಿರದ ಭಾವಿಕೇರಿಯಲ್ಲಿ. ವೈನಿ ಅಂಕೋಲೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ಶಾಲೆಗೆ ಕಂಪ್ಯೂಟರ್ ಬಂದಾಗ ಉಳಿದವರೆಲ್ಲ ಅದಕ್ಕೆ ಬಟ್ಟೆ ಹೊದೆಸಿ ದೂರ ನಿಂತರೆ, ಇವರು ತಾವೇ ಕಲಿತು ಮಕ್ಕಳಿಗೂ ಕಲಿಸಿದರು. ಹಳೆಯ ಯಂತ್ರಗಳನ್ನು ಶಾಲೆಯವರು ಗುಜರಿಗೆ ಹಾಕುವಾಗ ನಾಲ್ಕರ ಬಿಡಿಭಾಗ ಕೇಳಿ ತಂದು, ಮನೆಯಲ್ಲಿ ಒಂದನ್ನು ಜೋಡಿಸಿದರು. ನಮ್ಮ ಕಡೆಯ ಉಪ್ಪುಗಾಳಿಗೆ ಕಿಟಕಿಯ ಸರಳೇ ತುಕ್ಕು ಹಿಡಿದು ಉದುರುತ್ತದೆ. ವೈನಿ ತಿಂಗಳಿಗೊಮ್ಮೆ ಪೆಟ್ಟಿಗೆ ಬಿಚ್ಚಿ, ಒಳಗಿನ ಕಾರ್ಡುಗಳ ತುದಿಯನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸುತ್ತಿದ್ದರು. ಆ ಯಂತ್ರ ಅಷ್ಟು ವರ್ಷ ಬಾಳಿದ್ದು ಹಾಗೆ.

ಅವರ ತರಗತಿಗೆ ಒಂದು ನಿಯಮವಿತ್ತು. ಒಂದು ಯಂತ್ರಕ್ಕೆ ಇಬ್ಬರು. ಒಬ್ಬರು ಪರದೆಯ ಮೇಲೆ ಬಂದದ್ದನ್ನು ಒಂದಕ್ಷರ ಬಿಡದೆ ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕೀ ಒತ್ತಬೇಕು. ಓದುವವರು ಕೈಕಟ್ಟಿ ಕೂರಬೇಕು, ಒತ್ತುವಂತಿಲ್ಲ. ಓದದೆ ಒತ್ತುವುದರಿಂದಲೇ ಎಲ್ಲ ಕೆಡುವುದು ಎಂದು ಅವರ ಲೆಕ್ಕ. ಕಂಪ್ಯೂಟರ್ ಕಲಿಯಲು ಹೋದ ನನಗೂ ಅದೇ ಶಿಸ್ತು. ಕೈ ಮುಂದೆ ಬಂದರೆ ಸ್ಕೇಲಿನಿಂದ ಒಂದು ಮೆಲ್ಲನೆಯ ಪೆಟ್ಟು.

ನಿವೃತ್ತಿಯಾದ ಮೇಲೆ ವೈನಿಯ ಕಣ್ಣಿನ ನರ ಸೊರಗತೊಡಗಿತು. ಮೊದಲು ಅಕ್ಷರ ಹೋಯಿತು, ಆಮೇಲೆ ಮುಖಗಳು ಹೋದವು. ನಾನು ಹೇಳುವ ದಿನದ ಹೊತ್ತಿಗೆ ಕಿಟಕಿಯ ಬೆಳಕು ಯಾವ ಕಡೆ, ಎದುರಿಗೆ ಯಾರೋ ನಿಂತಿದ್ದಾರೆ, ಇಷ್ಟು ಮಾತ್ರ ತಿಳಿಯುತ್ತಿತ್ತು. ಇದೂ ಉಳಿಯುವುದಿಲ್ಲ ಎಂದು ಕಾರವಾರದ ಕಣ್ಣಿನ ಡಾಕ್ಟರು ಹೇಳಿಬಿಟ್ಟಿದ್ದರು. ವೈನಿ ಅತ್ತದ್ದನ್ನು ನಾನು ನೋಡಲಿಲ್ಲ. ಕನ್ನಡ ಓದಿ ಹೇಳುವ, ಒತ್ತಿದ ಅಕ್ಷರವನ್ನು ನುಡಿದು ತೋರಿಸುವ ಸೌಕರ್ಯ ಕಂಪ್ಯೂಟರಿಗೆ ಬಂದಿದೆಯಂತೆ ಎಂದು ಎಲ್ಲಿಂದಲೋ ತಿಳಿದುಕೊಂಡರು. “ಓದಿ ಹೇಳು ಅಂತ ದಿನಾ ಒಬ್ರ ಬಾಗ್ಲಿಗೆ ಹೋಗುಕೆ ನನ್ನಿಂದ ಆಗೂದಿಲ್ಲ” ಎಂದರು. ಮೊಬೈಲಿನಲ್ಲೂ ಆಗುತ್ತದಲ್ಲ ಎಂದರೆ, ಆ ನುಣುಪು ಗಾಜಿನ ಮೇಲೆ ಬೆರಳಿಗೆ ದಾರಿ ಸಿಗುವುದಿಲ್ಲ ಎಂದರು. ಅವರ ಬೆರಳಿಗೆ ಆ ಹಳೆಯ ಕೀಬೋರ್ಡೇ ಬೇಕು, ತಾವು ಜೋಡಿಸಿದ ಯಂತ್ರವೇ ಬೇಕು. ಆದರೆ ಅದರ ಹಳೆಯ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಆ ಧ್ವನಿ ನಡೆಯುತ್ತಿರಲಿಲ್ಲ.

ಕದ್ವಾಡದ ದತ್ತಾರಾಮ ವೈನಿಯ ಹಳೇ ವಿದ್ಯಾರ್ಥಿ, ಕಾರವಾರದಲ್ಲಿ ರಿಪೇರಿ ಅಂಗಡಿ ಇಟ್ಟವನು. ಬಂದು ನೋಡಿ ತಲೆ ಅಲ್ಲಾಡಿಸಿದ. “ಬ್ಯಾಡ ಅಕ್ಕೋರೆ. ಹೊಸ ಸಿಸ್ಟಮ್ಮಿಗೆ ಈ ಗ್ರಾಫಿಕ್ಸ್ ಕಾರ್ಡು ಹೊಂದೂದಿಲ್ಲ. ಪರದೆ ಕಪ್ಪಾಗಿ ಕೂತ್ರೆ ನನ್ನ ಬೈಬೇಡಿ ಮತ್ತೆ.”

“ನನ್ನ ಕಣ್ಣೇ ಯಾವ ಪರದೆಗೂ ಹೊಂದೂದಿಲ್ವೋ ಈಗ. ಕಾರ್ಡು ಹೊಂದ್ದೇ ಇದ್ರೆ ಎಂತಾ ಆಯ್ತು?” ಎಂದು ವೈನಿ ನಕ್ಕರು. ದತ್ತಾರಾಮನಿಗೆ ನಗು ಬರಲಿಲ್ಲ. ಬೇರೆ ಕಾರ್ಡು ಹುಡುಕುತ್ತೇನೆ, ಒಂದೆರಡು ತಿಂಗಳು ಕಾಯಿರಿ ಎಂದು ಹೋದ. ಆ ಒಂದೆರಡು ತಿಂಗಳು ತನ್ನ ಕಣ್ಣು ಕಾಯುತ್ತದೋ ಇಲ್ಲವೋ ಎಂಬ ಚಿಂತೆ ವೈನಿಯದು. ಚೂರಾದರೂ ಬೆಳಕಿರುವಾಗಲೇ ಕೂತು ಹೊಸ ಸಿಸ್ಟಮ್ಮು ಹಾಕಿ ಮುಗಿಸಬೇಕು ಎಂದು ಹಟ ಹಿಡಿದರು.

ಒಂದು ಭಾನುವಾರ ಊಟ ಮುಗಿಸಿ ಇಬ್ಬರೂ ಕೂತೆವು. ಭಾವ ಜಗುಲಿಯಿಂದಲೇ, “ಇಬ್ರೂ ಸೇರಿ ಪೆಟ್ಗೆ ಸುಡ್ತ್ರಿ ಇವತ್ತು, ಬಾವಿ ನೀರು ಸೇದಿ ಇಡ್ಲಾ?” ಎಂದು ಕೂಗಿ ಮಲಗಿದರು. ಓದುವವಳು ನಾನು, ಒತ್ತುವವರು ವೈನಿ. ಪ್ರತಿ ಹಂತದ ಹೊತ್ತನ್ನು ಗುರುತು ಮಾಡಿಕೊ ಎಂದದ್ದಕ್ಕೆ ಡೈರಿ ತೊಡೆಯ ಮೇಲಿತ್ತು. ಈ ಕಾರ್ಡಿಗೆ ಬೆಂಬಲವಿಲ್ಲ, ಆದರೂ ಮುಂದುವರಿಯಬೇಕೇ ಎಂದು ಪರದೆಯಲ್ಲಿ ಬಂತು. ಓದಿದೆ. ವೈನಿ ತಡವರಿಸದೆ ಹೌದು ಒತ್ತಿದರು. ಯಂತ್ರ ಆರಿ ಹೊತ್ತಿತು, ಮತ್ತೊಮ್ಮೆ ಆರಿತು. ಎರಡನೆಯ ಸಲ ಪೆಟ್ಟಿಗೆಯ ಫ್ಯಾನು ತಿರುಗತೊಡಗಿತು, ಪರದೆ ಮಾತ್ರ ಬರಲಿಲ್ಲ. ಮಾನಿಟರಿನ ಹಸಿರು ದೀಪ ಕಿತ್ತಳೆಗೆ ತಿರುಗಿತು. ಏನೂ ಬರುತ್ತಿಲ್ಲ ಎಂದು ಅದರ ಅರ್ಥ.

“ಓದು” ಎಂದರು ವೈನಿ.

“ಓದುಕೆ ಎಂತಾ ಇಲ್ಲ ವೈನಿ. ಪೂರಾ ಕಪ್ಪು.”

“ಕಪ್ಪು ಎಲ್ಲೇ? ನೀಲಿ ಮೇಲೆ ಬಿಳೇ ಅಕ್ಷರ ಇದ್ಯಲ್ಲೇ. ಚಷ್ಮಾ ಹಾಕ್ಕಂಡಿದ್ಯಾ ಇಲ್ವಾ?”

ತಮಾಷೆ ಎಂದುಕೊಂಡೆ. ಅವರು ಕೀಬೋರ್ಡನ್ನು ನನ್ನತ್ತ ಸರಿಸಿ, ಕೈಕಟ್ಟಿ ಕೂತರು. “ಹಂಗಾರೆ ನಾ ಓದ್ತೆ. ನೀ ಒತ್ತು.”

ತರಗತಿಯ ಅದೇ ಧ್ವನಿ. ಇಂಗ್ಲಿಷಿನಲ್ಲಿ ಓದಿ ನನಗಾಗಿ ಕನ್ನಡದಲ್ಲೂ ಹೇಳುತ್ತಿದ್ದರು. ಹಳೆಯ ಸಿಸ್ಟಮ್ಮಿಗೇ ವಾಪಸು ಹೋಗಬೇಕೇ ಎಂದು ಕೇಳುತ್ತಿದೆಯಂತೆ. “ಗುರ್ತು ಹೌದಿನ ಮೇಲೆ ಕೂತಿದೆ. ಒಂದ್ಸಲ ಟ್ಯಾಬ್ ಒತ್ತು, ಇಲ್ಲದ ಮೇಲೆ ಬರ್ತದೆ, ಆಮೇಲೆ ಎಂಟರ್. ಗಡಬಡ ಮಾಡಿ ಬರೀ ಎಂಟರ್ ಒತ್ತಿದ್ಯೋ, ಎಲ್ಲ ಹೋಯ್ತು ಮಾರಾಯ್ತಿ.” ಹೇಳಿದ ಹಾಗೇ ಒತ್ತಿದೆ. ಆಮೇಲೆ ಅವರು ಶೇಕಡಾ ಓದುತ್ತ ಹೋದರು, ಮೂವತ್ತೆಂಟು, ನಲವತ್ತೊಂದು. ನಡುವೆ ಭಾಷೆ ಯಾವುದು, ದೇಶ ಯಾವುದು ಎಂಬ ಪ್ರಶ್ನೆಗಳು. ಹೇಳಿದಷ್ಟು ಒತ್ತುತ್ತ, ಗಡಿಯಾರ ನೋಡಿ ಬರೆಯುತ್ತ ಇದ್ದೆ. ಅಷ್ಟು ಹೊತ್ತೂ ನನ್ನ ಎದುರಿಗಿದ್ದದ್ದು ಕಪ್ಪು ಗಾಜು, ಕಿತ್ತಳೆ ದೀಪ. ಒಂದು ಗಂಟೆ ಐವತ್ತು ನಿಮಿಷ.

ಕೊನೆಗೆ ಮೂರು ಕೀಗಳನ್ನು ಒಟ್ಟಿಗೆ ಒತ್ತಿಸಿದರು. ಸ್ಪೀಕರಿನಿಂದ ಒಂದು ಹೆಂಗಸಿನ ಧ್ವನಿ ಕನ್ನಡದಲ್ಲಿ ಸ್ವಾಗತ ಹೇಳಿತು. ವೈನಿ ತಲೆ ವಾಲಿಸಿ ಕೇಳಿ, “ಇವ್ಳು ಘಟ್ಟದ ಮೇಲಿನವ್ಳು ಕಾಣ್ತದೆ” ಎಂದರು. ಆಮೇಲೆ ಕೀಬೋರ್ಡು ಎಳೆದುಕೊಂಡು ತಮ್ಮ ಹೆಸರು ಹೊಡೆದರು. ಧ್ವನಿ ಒಂದೊಂದೇ ಅಕ್ಷರ ಹೇಳಿ, ಕೊನೆಗೆ ಇಡೀ ಹೆಸರು ಹೇಳಿತು. ಆಗ ಮಾತ್ರ ಅವರು ಸೆರಗಿನಿಂದ ಮುಖ ಒರೆಸಿಕೊಂಡದ್ದು.

ಎರಡು ದಿನ ಬಿಟ್ಟು ದತ್ತಾರಾಮ ಬಂದ. ತನ್ನ ಅಂಗಡಿಯ ಬೇರೊಂದು ಕಾರ್ಡು ಹಾಕಿದಾಗ ಪರದೆ ಹೊತ್ತಿತು. ಹಳೆಯ ಕಾರ್ಡಿನಿಂದ ಒಂದು ಚುಕ್ಕೆಯೂ ಮಾನಿಟರಿಗೆ ಹೋಗುತ್ತಿರಲಿಲ್ಲ ಎಂದ. ಯಂತ್ರ ತಾನು ಮಾಡಿದ್ದನ್ನೆಲ್ಲ ಹೊತ್ತಿನ ಸಮೇತ ಬರೆದಿಟ್ಟುಕೊಳ್ಳುತ್ತದಂತೆ. ಅದನ್ನು ತೆಗೆದು ನನ್ನ ಡೈರಿಯ ಪಕ್ಕ ಇಟ್ಟು ನೋಡಿದ. ಹಳೆಯದಕ್ಕೆ ವಾಪಸು ಹೋಗಬೇಕೇ ಎಂಬ ಪ್ರಶ್ನೆ, ಇಲ್ಲ ಎಂಬ ಉತ್ತರ, ಎರಡರಲ್ಲೂ ಒಂದೇ ಹೊತ್ತು. ಅಕ್ಕೋರು ಡಿಸ್ಕಿನ ಸದ್ದಿನ ಮೇಲೆ ಅಂದಾಜು ಮಾಡಿರಬೇಕು ಎಂದ. ಆಮೇಲೆ, ದಿನಾ ಇದೇ ಕೆಲಸ ಮಾಡುವ ತನಗೇ ಅದು ಆಗುವುದಿಲ್ಲ ಎಂದು ತಾನೇ ಹೇಳಿದ. ಚಹಾ ಕುಡಿಯದೆ ಎದ್ದು ಹೋದ.

ಈಗ ವೈನಿಗೆ ಕಿಟಕಿಯ ಬೆಳಕೂ ತಿಳಿಯುವುದಿಲ್ಲ. ಆದರೆ ಬೆಳಿಗ್ಗೆ ಪೇಪರು ಕೇಳುತ್ತಾರೆ, ಹಳೇ ವಿದ್ಯಾರ್ಥಿಗಳಿಗೆ ಉದ್ದುದ್ದ ಪತ್ರ ಹೊಡೆಯುತ್ತಾರೆ, ನಾನು ಒಂದು ಸಾಲು ಬರೆಯುವಷ್ಟರಲ್ಲಿ ಅವರದು ಪುಟ ಮುಗಿದಿರುತ್ತದೆ. ಯಾರ ಬಾಗಿಲಿಗೂ ಹೋಗಲಿಲ್ಲ. ನಾನೂ ದತ್ತಾರಾಮನ ಹಾಗೆ ಒಂದೊಂದು ಕಾರಣ ಹುಡುಕಿ ನೋಡಿದ್ದೇನೆ, ಯಾವುದೂ ಪೂರ್ತಿ ಕೂರುವುದಿಲ್ಲ. ಕಳೆದ ವರ್ಷ ಧೈರ್ಯ ಮಾಡಿ ಅವರನ್ನೇ ಕೇಳಿದೆ, ಅವತ್ತು ನಿಜಕ್ಕೂ ಏನು ಕಂಡಿತು ವೈನಿ ಎಂದು.

ಅವರ ಬೆರಳುಗಳು ಕೀಗಳ ಮೇಲೆ ನಿಂತವು. “ನಾನೇ ಕೇಳ್ಬೇಕು ಅಂತಿದ್ದೆ ನಿನ್ನ. ಅಷ್ಟು ದೊಡ್ಡ ಅಕ್ಷರ, ನಿಂಗೆ ನಿಜವಾಗ್ಲೂ ಕಾಣ್ಲಿಲ್ವನೇ?”

ಇಲ್ಲ ಎಂದೆ.

“ಪಾಪ” ಎಂದರು ವೈನಿ. ಅದರಲ್ಲಿ ತಮಾಷೆ ಇರಲಿಲ್ಲ.