ಕರೆಯದೆ ಬಂದವರು ಅವ್ವನ ನೆನಪು ಅಳೆದದ್ದು

ನನ್ನ ಅಣ್ಣನಿಗೆ ಟೈ ಕಟ್ಟಿದವರನ್ನು ಕಂಡರೆ ಮೊದಲಿನಿಂದಲೂ ಭಕ್ತಿ. ಸಕ್ಕರೆ ಕಾರ್ಖಾನೆಯ ಆಫೀಸಿನಲ್ಲಿ ಕ್ಲಾರ್ಕ್ ಆಗಿದ್ದವನು, ಮೇಲಿನವರಿಗೆ ಕೈಮುಗಿದು ಮುಗಿದು ಆ ಅಭ್ಯಾಸವನ್ನು ಮನೆಗೂ ತಂದಿದ್ದ. ಆರೋಗ್ಯ ವಿಮೆ ಕಂಪನಿಯ ಒಂದು ಹೆಣ್ಣುದನಿ ಅವನ ಮೊಬೈಲಿಗೆ ಫೋನು ಮಾಡಿ, "ಸರ್, ನಿಮ್ಮ ತಾಯಿಯವರ ಆರೋಗ್ಯ ತಪಾಸಣೆಗೆ ನಮ್ಮ ತಂಡ ನಿಮ್ಮ ಮನೆಗೇ ಬರುತ್ತೆ, ಸಂಪೂರ್ಣ ಉಚಿತ" ಎಂದಾಗ ಅವನು ಕೂತಲ್ಲಿಂದ ಎದ್ದು ನಿಂತು ಮಾತಾಡಿದನಂತೆ. ಇದನ್ನು ಹೇಳಿದವಳು ವೈನಿ, ಅಣ್ಣನ ಹೆಂಡತಿ. ಅವಳು ಒಗ್ಗರಣೆ ಹಾಕಿ ಹೇಳುವವಳಲ್ಲ.

ಊರೂರಿಗೆ ಟಚ್ ಫೋನು ಬಂದ ಹೊಸತು ಅದು. ನಾನು ಚಿಕ್ಕೋಡಿಯಲ್ಲಿ ಹೈಸ್ಕೂಲ್ ಟೀಚರ್. ಅವ್ವ, ಅಣ್ಣ, ವೈನಿ ಚಿಂಚಲಿ ಹತ್ತಿರದ ನಮ್ಮ ಹಳ್ಳಿಯಲ್ಲಿದ್ದರು. ಭಾನುವಾರ ಬಂತೆಂದರೆ ನಾನು ರಾಯಬಾಗ ಬಸ್ಸು ಹತ್ತುತ್ತಿದ್ದೆ. ಅವ್ವ ಆಗಲೇ ಎಪ್ಪತ್ತು ದಾಟಿದ್ದಳು. ಎರಡು ಎಮ್ಮೆ ಕಟ್ಟಿಕೊಂಡು ಓಣಿಯ ಮನೆಗಳಿಗೆ ಹಾಲು ಹಾಕುತ್ತಿದ್ದಳು. ಯಾರ ಮನೆಗೆ ಸಂಜೆ ಹಾಲು ಬೇಡ, ಯಾರ ಸೊಸೆ ಬಾಣಂತಿ, ಯಾರ ಮನೆಯಲ್ಲಿ ಬೀಗರು ಬಂದಿದ್ದಾರೆ, ಎಲ್ಲ ಅವಳ ತಲೆಯಲ್ಲೇ ಇರುತ್ತಿತ್ತು. ಅಪ್ಪ ಸತ್ತ ಮೇಲೆ ಮನೆ ನಿಂತದ್ದು ಆ ಎಮ್ಮೆಗಳ ಬೆನ್ನ ಮೇಲೆ. ಅಣ್ಣ ಕಾಲೇಜು ಕಲಿತದ್ದೂ ಹಾಗೆಯೇ. ಆಮೇಲೆ ಅದನ್ನೆಲ್ಲ ಅವನು ಮರೆತ.

ಅವರು ಬಂದದ್ದು ಒಂದು ಭಾನುವಾರ, ನಾನು ಮನೆಯಲ್ಲಿದ್ದಾಗಲೇ. ಬಿಳಿ ಕಾರಿನಲ್ಲಿ ಇಬ್ಬರು. ಒಬ್ಬ ಟೈ ಕಟ್ಟಿದ ಹುಡುಗ, ಇನ್ನೊಬ್ಬಳು ಬಿಳಿ ಕೋಟಿನ ಹುಡುಗಿ. ಹುಡುಗಿಯ ಕೊರಳಲ್ಲಿ ಸ್ಟೆಥಾಸ್ಕೋಪು ಜೋತಾಡುತ್ತಿತ್ತು. ಅವಳು ಹೋಗುವವರೆಗೂ ಅದನ್ನು ಕಿವಿಗೆ ಹಾಕಿಕೊಂಡದ್ದನ್ನು ನಾನು ಕಾಣಲಿಲ್ಲ. ಅಣ್ಣ ಹೊಸ ಜಮಖಾನ ಹಾಸಿದ, ಫ್ಯಾನು ತಿರುಗಿಸಿದ, ಕಾರು ನಿಂತದ್ದು ಓಣಿಗೆಲ್ಲ ಕಾಣಲಿ ಎಂದು ತಲೆಬಾಗಿಲನ್ನು ಪೂರಾ ತೆರೆದಿಟ್ಟ. ಎಮ್ಮೆಗೆ ಹಿಂಡಿ ಕಲಸುತ್ತಿದ್ದ ಅವ್ವನನ್ನು ಕೈ ತೊಳೆಸಿ ಕರೆತಂದು ಕುರ್ಚಿಯ ಮೇಲೆ ಕೂರಿಸಿದರು. ಅವ್ವನಿಗೆ ಕುರ್ಚಿ ಎಂದರೆ ಆಗದು. ತುದಿಯಲ್ಲಿ, ಈಗ ಎದ್ದು ಹೋಗುವವಳಂತೆ ಕೂತಳು.

ಹುಡುಗಿ ಮಡಿಲಲ್ಲಿ ಟ್ಯಾಬ್ ಇಟ್ಟುಕೊಂಡು ಅದರೊಳಗೇ ಮುಖ ಹಾಕಿ ಓದತೊಡಗಿದಳು. ಒಮ್ಮೆಯಾದರೂ ತಲೆಯೆತ್ತಿ ಎದುರಿಗಿದ್ದ ಮನುಷ್ಯಳನ್ನು ನೋಡಿದ್ದರೆ ನಾನು ಇಂದು ಇದನ್ನು ಬರೆಯುತ್ತಿರಲಿಲ್ಲ.

"ಅಮ್ಮಾ, ನಾನು ಮೂರು ಪದ ಹೇಳ್ತೀನಿ, ನೆನಪಿಟ್ಕೊಳ್ಳಿ. ಸೇಬು, ಮೇಜು, ನಾಣ್ಯ."

ಅವ್ವ ನನ್ನ ಮುಖ ನೋಡಿದಳು. ನಮ್ಮ ಕಡೆ ಮೇಜು ಅಂದರೆ ಯಾರಿಗೆ ಗೊತ್ತು? ಟೇಬಲ್ ಅಂದಿದ್ದರೆ ತಿಳಿಯುತ್ತಿತ್ತು. ನಾನು ಬಾಯಿ ತೆರೆದೆ. ಹುಡುಗ ಬೆರಳೆತ್ತಿ, "ಮೇಡಂ, ಪ್ಲೀಸ್, ನೀವು ಹೇಳಿಕೊಡಬಾರದು" ಎಂದ. ಪರೀಕ್ಷೆಯಲ್ಲಿ ಮೂವತ್ತು ಮಕ್ಕಳ ಕಾಪಿ ಹಿಡಿದ ನನಗೆ!

"ಇವತ್ತು ಯಾವ ದಿನ ಅಮ್ಮಾ?"

"ಎಮ್ಮಿ," ಅಂದಳು ಅವ್ವ. "ಎರಡ ಅದಾವ. ಒಂದು ಗಬ್ಬ ಐತಿ."

ಯಾವ ದನ ಎಂದು ಕೇಳಿದರೆಂದು ಅವಳು ತಿಳಿದಿದ್ದಳು. ನಾವೆಲ್ಲ ನಕ್ಕೆವು. ಅವ್ವ ಚೇಷ್ಟೆಯ ಹೆಂಗಸು, ಬೇಕೆಂದೇ ಆಡಿಸುತ್ತಿದ್ದಾಳೆ ಎಂದುಕೊಂಡೆವು. ಹುಡುಗಿ ನಗಲಿಲ್ಲ. ಟ್ಯಾಬಿನ ಮೇಲೆ ಬೆರಳು ಒತ್ತಿದಳು.

"ಈ ವರ್ಷ ಎಲ್ಲಾದ್ರೂ ಬಿದ್ದಿದ್ರಾ?" ಇದನ್ನು ಅಣ್ಣನೇ ಗಟ್ಟಿಯಾಗಿ ಮತ್ತೊಮ್ಮೆ ಹೇಳಿದ. ಅವ್ವ, "ಬಿದ್ದಿದ್ನಲ್ಲ, ಎಮ್ಮಿ ದೂಡಿತ್ತು. ನಾನೂ ಒಂದ ಏಟ ಕೊಟ್ಟ ಎದ್ದ ಬಂದೆ" ಎಂದಳು. ಬೆರಳು ಮತ್ತೆ ಒತ್ತಿತು. ಕೊನೆಗೆ ಹುಡುಗಿ, ಮೊದಲು ಹೇಳಿದ ಮೂರು ಪದ ಯಾವುವು ಎಂದು ಕೇಳಿದಳು. ಅವ್ವ ಎಮ್ಮೆಗಳ ಕಡೆ ಕಣ್ಣು ಹಾಯಿಸಿದಳು. ಯಾವ ಪದ, ಯಾರು ಹೇಳಿದರು?

ರಕ್ತದೊತ್ತಡ ನೋಡಿದರು, ಅವ್ವನ ಪಕ್ಕ ನಿಂತು ಫೋಟೋ ತೆಗೆದುಕೊಂಡರು, ವೈನಿ ಮಾಡಿದ ಅವಲಕ್ಕಿ ತಿಂದರು, ಚಹಾ ಕುಡಿದರು, ಹೋದರು. ಅಣ್ಣ ಕಾರಿನವರೆಗೆ ಹೋಗಿ ಬಾಗಿಲು ತೆಗೆದ.

ವಾರದೊಳಗೆ ಅವನ ಮೊಬೈಲಿಗೆ ವರದಿ ಬಂತು. ಬಣ್ಣ ಬಣ್ಣದ್ದು. ಅವ್ವನ ನೆನಪಿನ ಶಕ್ತಿಯ ಮುಂದೆ ಕೆಂಪು, ಬೀಳುವ ಅಪಾಯದ ಮುಂದೆ ಕೆಂಪು. ಅದರ ಹಿಂದೆಯೇ ಮತ್ತೊಂದು ಹೆಣ್ಣುದನಿ. "ಸರ್, ನಿಮ್ಮ ತಾಯಿಗೆ ಮರೆವಿನ ಲಕ್ಷಣಗಳಿವೆ. ಗಾಬರಿ ಆಗಬೇಡಿ. ನಮ್ಮಲ್ಲಿ ಹಿರಿಯರಿಗಾಗಿಯೇ ಒಂದು ಪ್ಯಾಕೇಜ್ ಇದೆ." ಗಾಬರಿ ಮಾಡಿ, ಗಾಬರಿ ಆಗಬೇಡಿ ಎನ್ನುವುದು. ಆಮೇಲೆ ಔಷಧಿ ಮಾರುವುದು. ಸಂತೆಯಲ್ಲಿ ಬೇರು ಮಾರುವವನೂ ಇದನ್ನೇ ಮಾಡುತ್ತಾನೆ. ಆದರೆ ಅವನು ಬಿಸಿಲಲ್ಲಿ ಕೂತು ಮಾಡುತ್ತಾನೆ, ಕರೆಯದವರ ಮನೆ ಹುಡುಕಿಕೊಂಡು ಬರುವುದಿಲ್ಲ.

ಅಣ್ಣ ಪ್ಯಾಕೇಜ್ ಕೊಂಡ. ಅದರ ಜತೆ ಒಂದು ಗುಂಡಿ ಬಂತು, ದಾರಕ್ಕೆ ಪೋಣಿಸಿದ್ದು. ಕೊರಳಲ್ಲಿ ಹಾಕಿಕೊಳ್ಳಬೇಕು, ಬಿದ್ದರೆ ಒತ್ತಬೇಕು, ಒತ್ತಿದರೆ ಯಾವುದೋ ಊರಿನಲ್ಲಿ ಯಾರೋ ಫೋನು ಎತ್ತುತ್ತಾರೆ. ಅವ್ವ ಅದನ್ನು ಕೈಯಲ್ಲಿ ತಿರುಗಿಸಿ ನೋಡಿದಳು.

"ತಾಳಿ ಹೋದ ಮ್ಯಾಲೆ ಕೊರಳಾಗ ಏನೂ ಕಟ್ಟಿಲ್ಲ ನಾನು. ಈಗ ಇದನ್ಯಾಕ ಕಟ್ಟಲಿ? ಬಿದ್ದರ ಸೊಸೀನ ಕೂಗತೇನಿ. ಅಕಿ ಬಾಜೂಕ ಇರತಾಳ."

ಅಣ್ಣ ಕೇಳಬೇಕಲ್ಲ. ಮುಂದಿನ ತಿಂಗಳುಗಳಲ್ಲಿ ಅವನು ಮಾಡಿದ್ದನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ. ಮೊದಲು ಒಲೆಯ ಹತ್ತಿರ ಹೋಗಬೇಡ ಎಂದ. ಆಮೇಲೆ ಟ್ರಂಕಿನ ಕೀಲಿ ತೆಗೆದುಕೊಂಡ. ಆಮೇಲೆ ಒಬ್ಬಳೇ ಹಿತ್ತಲಿಗೆ ಹೋಗಬೇಡ ಎಂದ. ಅವ್ವ ಏನು ಹೇಳಿದರೂ "ಹೂಂ ಹೂಂ" ಎಂದು ಸಣ್ಣ ಕೂಸಿಗೆ ಅಂದಂತೆ ಅನ್ನತೊಡಗಿದ. ಕಾರ್ಖಾನೆಯಲ್ಲಿ, ಬಸ್‌ ಸ್ಟ್ಯಾಂಡಿನಲ್ಲಿ, ಚಹಾದಂಗಡಿಯಲ್ಲಿ, "ನಮ್ಮ ಅವ್ವಗ ಮರವು ಸುರು ಆಗೈತ್ರಿ, ಕಂಪನಿಯವ್ರು ಹೇಳ್ಯಾರ" ಎಂದು ಸಾರಿದ. ಅದೊಂದು ಮರ್ಯಾದೆಯ ಮಾತೆಂಬಂತೆ. ಹಾಲು ಒಯ್ಯಲು ಬಂದ ಹೆಂಗಸರು ಅವ್ವ ಎದುರಿಗಿದ್ದರೂ ವೈನಿಯೊಡನೆ ಮಾತಾಡಿ ಹೋಗುತ್ತಿದ್ದರು. ಕೊನೆಗೆ ಒಂದು ದಿನ ಕುಡಚಿಯ ವ್ಯಾಪಾರಿಯನ್ನು ಕರೆಸಿ ಎರಡೂ ಎಮ್ಮೆ ಮಾರಿ ಕಳಿಸಿದ. ಗಬ್ಬದ ಎಮ್ಮೆಯನ್ನೂ ಬಿಡಲಿಲ್ಲ.

ನಾನು ಫೋನಿನಲ್ಲಿ ಜಗಳಾಡಿದೆ. "ಅಣ್ಣಾ, ಎಮ್ಮಿ ಮಾರಿದರ ಅವ್ವ ಏನ ಮಾಡಬೇಕು?"

"ಆರಾಮ ಇರಬೇಕು. ಬಿದ್ದ ಸತ್ತರ ನೀ ಬರತೀ ಏನು ಚಿಕ್ಕೋಡಿಯಿಂದ? ಕಂಪನಿ ಡಾಕ್ಟರ ಬರದಾರ, ಸುಳ್ಳ ಬರೀತಾರೇನು?"

ಡಾಕ್ಟರ್! ಟ್ಯಾಬಿನೊಳಗೆ ಮುಖ ಹಾಕಿ ಕೂತಿದ್ದ ಆ ಹುಡುಗಿ ಅವನ ಬಾಯಲ್ಲಿ ಡಾಕ್ಟರ್ ಆಗಿಬಿಟ್ಟಿದ್ದಳು.

ಆ ಭಾನುವಾರ ಹೋದಾಗ ಎಮ್ಮೆ ಮೇಯುತ್ತಿದ್ದ ಗೋದಲಿ ಖಾಲಿ ಇತ್ತು. ಅವ್ವ ಕಟ್ಟೆಯ ಮೇಲೆ ಕೂತಿದ್ದಳು. ಅವಳು ಕೈಯಲ್ಲಿ ಕೆಲಸವಿಲ್ಲದೆ ಕೂತದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ನನ್ನ ಮುಖವನ್ನೇ ದಿಟ್ಟಿಸಿ, "ಖರೇ ಹೇಳ ಬೇ, ನನಗ ಮರವು ಹತ್ತೈತೇನು? ಎಲ್ಲಾರೂ ಹಂಗ ಅಂತಾರ. ನನಗೂ ಹಂಗ ಅನಸಾಕತ್ತೈತಿ" ಎಂದಳು.

ಅಣ್ಣನ ಮೇಲಿನ ಸಿಟ್ಟನ್ನು ನಾನು ನುಂಗಿಕೊಳ್ಳಬಲ್ಲವಳಾಗಿದ್ದೆ. ಈ ಮಾತನ್ನು ನುಂಗಲಾಗಲಿಲ್ಲ. ಸೋಮವಾರ ಶಾಲೆಗೆ ರಜೆ ಹಾಕಿ, ಅವ್ವನನ್ನು ಕರೆದುಕೊಂಡು ಚಿಂಚಲಿ ಸ್ಟೇಷನ್ನಿನಲ್ಲಿ ಮೀರಜ್ ಪ್ಯಾಸೆಂಜರ್ ಹತ್ತಿದೆ. ನಮ್ಮ ಕಡೆಯವರು ದೊಡ್ಡ ಬೇನೆ ಎಂದರೆ ಮೀರಜ್‌ಗೇ ಹೋಗುವುದು. ಅಣ್ಣನಿಗೆ ಹೇಳಲಿಲ್ಲ. ವೈನಿಗೆ ಹೇಳಿದೆ. ಅವಳು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟು, "ಚೊಲೋ ಆತು, ಹೋಗ್ರಿ" ಎಂದಳು.

ಡಾಕ್ಟರು ವಯಸ್ಸಾದವರು, ಮರಾಠಿಯವರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವರು ಕೇಳಿಸಿಕೊಂಡು, ಎದ್ದು ಅವ್ವನ ಬೆನ್ನ ಹಿಂದೆ ಹೋಗಿ ನಿಂತರು. ಸಾಧಾರಣ ದನಿಯಲ್ಲಿ, ಅಜ್ಜಿ ಯಾವ ಊರು ನಿಮ್ಮದು ಎಂದು ಮರಾಠಿಯಲ್ಲಿ ಕೇಳಿದರು. ಅವ್ವನಿಗೆ ಮರಾಠಿ ನೀರು ಕುಡಿದಷ್ಟು ಸಲೀಸು. ಆದರೆ ಅವಳು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತ ಕೂತಿದ್ದಳು. ಮತ್ತೆ ಕೇಳಿದರು. ಅವ್ವ ಕ್ಯಾಲೆಂಡರಿನಿಂದ ಕಣ್ಣು ತೆಗೆಯಲಿಲ್ಲ. ಆಮೇಲೆ ಎದುರಿಗೆ ಬಂದು, ಮುಖ ನೋಡುತ್ತ ಅದನ್ನೇ ಕೇಳಿದರು. ಅವ್ವ ಊರು ಹೇಳಿದಳು, ತವರಿನ ಹೆಸರು ಹೇಳಿದಳು, ಅಲ್ಲಿಗೆ ಹೋಗಲು ಎಲ್ಲಿ ಇಳಿಯಬೇಕು ಎಂಬುದನ್ನೂ ಹೇಳಿದಳು.

ಡಾಕ್ಟರು ನನ್ನ ಕಡೆ ತಿರುಗಿ ಕನ್ನಡದಲ್ಲೇ ಹೇಳಿದರು: "ತಲಿ ಸರಿ ಐತಿ ತಂಗಿ. ಕಿವಿ ಕೇಳಸೂದಿಲ್ಲ. ಅಷ್ಟ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವ್ವ ನಮ್ಮ ಬಾಯಿಯ ಅಲುಗಾಟ ನೋಡಿ ಮಾತು ಹಿಡಿಯುತ್ತಿದ್ದಳು. ಮನೆಯಲ್ಲಿ ಎಲ್ಲರೂ ಮೊದಲಿನಿಂದಲೂ ಗಟ್ಟಿ ಬಾಯಿಯವರೇ. ಹಾಗಾಗಿ ಯಾರಿಗೂ ಗೊತ್ತಾಗಿರಲಿಲ್ಲ, ಅವಳಿಗೂ ಗೊತ್ತಾಗಿರಲಿಲ್ಲ. ಮುಖ ಕೆಳಗೆ ಹಾಕಿ ಗೊಣಗಿದ ಹುಡುಗಿಯ ಮಾತು ಅವಳಿಗೆ ಮುಟ್ಟಿರಲೇ ಇಲ್ಲ. ಕಾರು ಮಾಡಿಕೊಂಡು, ಟ್ಯಾಬು ಹಿಡಿದುಕೊಂಡು, ಕೊರಳಿಗೆ ಸ್ಟೆಥಾಸ್ಕೋಪು ಜೋತುಹಾಕಿಕೊಂಡು ಬಂದ ಈ ಆರೋಗ್ಯದವರಿಗೆ ಎದುರಿಗಿದ್ದ ಮುದುಕಿಗೆ ಕಿವಿ ಕೇಳುತ್ತದೆಯೋ ಇಲ್ಲವೋ ಎಂಬುದು ಹೊಳೆಯಲಿಲ್ಲ. ಹೊಳೆಯುವುದು ಅವರಿಗೆ ಬೇಕಾಗಿಯೂ ಇರಲಿಲ್ಲ. ಅವರ ಹತ್ತಿರ ಕಿವಿಗೆ ಮಾರಲು ಏನೂ ಇರಲಿಲ್ಲ.

ಪಕ್ಕದ ಕೋಣೆಯ ಕಿವಿ ಡಾಕ್ಟರು ಒಂದು ಕಿವಿಯಿಂದ ಗಟ್ಟಿಯಾಗಿ ಕೂತಿದ್ದ ಗುಗ್ಗೆಯನ್ನು ತೆಗೆದರು. ಇನ್ನೊಂದು ಕಿವಿ ವಯಸ್ಸಿನಿಂದ ಹೋದದ್ದು, ಅದಕ್ಕೆ ಯಂತ್ರ ಹಾಕಬೇಕೆಂದರು. ತೆಗೆದು ಮುಗಿದ ಮೇಲೆ ಬಾಗಿ, "ಆಜೀ, ಐಕೂ ಯೇತಂಯ್ ಕಾ?" ಎಂದು ಕೂಗಿದರು, ಅಜ್ಜಿ, ಕೇಳಿಸುತ್ತದೆಯೇ ಎಂದು. ಅವ್ವ ಬೆಚ್ಚಿ ಹಿಂದೆ ಸರಿದು, "ಯೇತಂಯ್, ಯೇತಂಯ್. ಓರಡೂ ನಕಾ!" ಎಂದಳು. ಕೇಳಿಸುತ್ತದೆ, ಅರಚಬೇಡಿ ಎಂದು. ಹೊರಗೆ ಬಂದಾಗ ರಿಕ್ಷಾಗಳ ಹಾರ್ನಿಗೆ ಸೆರಗಿನಿಂದ ಕಿವಿ ಮುಚ್ಚಿಕೊಂಡಳು. "ಎಷ್ಟ ಗದ್ಲ ಐತಿ ಬೇ ಜಗತ್ತು!"

ಅಣ್ಣನಿಗೆ ಡಾಕ್ಟರು ಹೇಳಿದ್ದನ್ನು ತಿಳಿಸಿದಾಗ ಅವನು ಮೊದಲು ನಂಬಲಿಲ್ಲ. ಆಮೇಲೆ ಕಂಪನಿಗೆ ಫೋನು ಮಾಡಿದ. ನನ್ನೆದುರಿಗೇ ಮಾಡಿದ. ಅತ್ತಲಿನ ದನಿ ಸಕ್ಕರೆಯಂತಿತ್ತು. "ಸರ್, ಸಿಸ್ಟಮ್‌ನಲ್ಲಿ ಬದಲಾಯಿಸೋಕೆ ಬರಲ್ಲ. ಮುಂದಿನ ವರ್ಷದ ಭೇಟಿಯಲ್ಲಿ ಮತ್ತೆ ಪರೀಕ್ಷೆ ಮಾಡ್ತಾರೆ. ಆ ಗುಂಡಿ ಚೆನ್ನಾಗಿ ಕೆಲಸ ಮಾಡ್ತಿದೆಯಾ ಸರ್?" ಅಣ್ಣ, "ಹೌದ್ರಿ ಮೇಡಂ, ಚೊಲೋ ಐತ್ರಿ" ಎಂದ. ಒಬ್ಬ ಮನುಷ್ಯನ ಬೆನ್ನೆಲುಬು ಎಷ್ಟು ಮೆತ್ತಗಿರಬಹುದು ಎಂಬುದನ್ನು ನಾನು ಆ ದಿನ ಕಣ್ಣಾರೆ ಕಂಡೆ.

ಅವರು ಹೇಳಿದಂತೆ ಮರುವರ್ಷ ಮತ್ತೆ ಬಂದರು. ಬೇರೆ ಹುಡುಗ, ಬೇರೆ ಹುಡುಗಿ, ಅದೇ ಬಿಳಿ ಕೋಟು. ಈ ಸಲವೂ ಭಾನುವಾರ. ಅವ್ವ ಹೊಸ್ತಿಲಲ್ಲಿ ಕೂತು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು. ದಾರಿ ಬಿಡಲಿಲ್ಲ.

"ಹೇಗಿದೀರಾ ಅಜ್ಜಿ?" ಎಂದಳು ಹುಡುಗಿ.

"ಯಾರ ಕರದಾರ ನಿಮ್ಮನ್ನ?"

"ನಾವು ಕಂಪನಿಯಿಂದ ಬಂದಿದೀವಿ. ನಿಮ್ಮ ನೆನಪಿನ ಪರೀಕ್ಷೆ..."

"ನಾ ಅಂತೂ ಕರದಿಲ್ಲ."

ಅಷ್ಟರಲ್ಲಿ ಅಣ್ಣ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಒಳಗಿನಿಂದ ಓಡಿ ಬಂದ. "ಬರ್ರಿ ಬರ್ರಿ, ಒಳಗ ಬರ್ರಿ." ಅವ್ವ ಕೂತಲ್ಲಿಂದಲೇ ಸೊಪ್ಪಿನ ದಂಟಿನಿಂದ ಅವನ ಕಡೆ ತೋರಿಸಿದಳು.

"ನೆನಪಿನ ಪರೀಕ್ಷಾ ಇವಂಗ ಮಾಡ್ರಿ. ಯಾರ ಹಾಲಿಂದ ಸಾಲಿ ಕಲತಾನ ಅನ್ನೂದ ಮರತಾನ. ಎಮ್ಮಿ ಮಾರಿ ಕುಂತಾನ. ಇಲ್ಲೇ ಹೊರಗ ನಿಂತ ಮಾಡ್ರಿ, ನಾನೂ ನೋಡತೇನಿ."

ಹುಡುಗ ನಕ್ಕ. ಯಾರೂ ಜತೆಗೆ ನಗಲಿಲ್ಲ, ಅವನೂ ನಿಲ್ಲಿಸಿದ. ಅಣ್ಣನ ಮುಖ ನೋಡುವಂತಿರಲಿಲ್ಲ. ವೈನಿ ಅಡುಗೆಮನೆಯಲ್ಲಿದ್ದರೂ ಚಹಾಕ್ಕೆ ಇಡಲಿಲ್ಲ. ಸ್ವಲ್ಪ ಹೊತ್ತು ಬಿಸಿಲಲ್ಲಿ ನಿಂತು, ಟ್ಯಾಬಿನಲ್ಲಿ ಏನನ್ನೋ ಒತ್ತಿ, ಇಬ್ಬರೂ ಕಾರು ಹತ್ತಿದರು. ಏನು ಒತ್ತಿದರೋ. ಸಿಡುಕು ಸ್ವಭಾವ ಎಂದು ಕೆಂಪು ಹಾಕಿರಬೇಕು.

ಅಣ್ಣ ಆ ಪ್ಯಾಕೇಜ್ ಬಿಟ್ಟ. ಬುದ್ಧಿ ಬಂದು ಬಿಟ್ಟನೋ, ಓಣಿಯ ನಗೆಗೆ ಹೆದರಿ ಬಿಟ್ಟನೋ, ಕೇಳಲಿಲ್ಲ ನಾನು. ಮಳೆಗಾಲಕ್ಕೆ ಮುಂಚೆ ತಾನೇ ಹೋಗಿ ಕರುವಿನ ಸಮೇತ ಒಂದು ಎಮ್ಮೆ ತಂದು ಕಟ್ಟಿದ. ಹೊಸ ಎಮ್ಮೆ, ಅವ್ವನ ಕೈಗೆ ಇನ್ನೂ ಹೊಂದಿರಲಿಲ್ಲ, ಹಾಲು ಏರಿಸಿಕೊಂಡು ನಿಲ್ಲುತ್ತಿತ್ತು. ಅಣ್ಣ ಕರುವಿನ ಹಗ್ಗ ಹಿಡಿದು ನಿಲ್ಲಬೇಕು, ಅವ್ವ ಕೆಚ್ಚಲು ತೊಳೆದು ಕುಕ್ಕರುಗಾಲಲ್ಲಿ ಕೂರಬೇಕು. ಆಫೀಸಿಗೆ ಹೊತ್ತಾಯಿತೆಂದು ಅವನು ಸಣ್ಣ ದನಿಯಲ್ಲಿ ಗೊಣಗಿದರೆ ಅವ್ವ ತಿರುಗದೆಯೇ, "ಕೇಳಸತೈತಿ, ಹಗ್ಗ ಗಟ್ಟಿ ಹಿಡಿ" ಎನ್ನುತ್ತಿದ್ದಳು.